ಬೇಕರಿಯವನ ಹಾಜರಿ

ಆ ಮನೆಯಲ್ಲಿ ಸತ್ತವರೆಲ್ಲ ಕೆಳಗಿದ್ದರು, ಬದುಕಿದ್ದವರು ಮೇಲಿದ್ದರು. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಸೊಸೆ ಈ ಮಾತನ್ನು ಹೇಳಿ ಜೊತೆಯವರನ್ನು ನಗಿಸುತ್ತಿದ್ದಳು. ಈಚೀಚೆಗೆ ಹೇಳುವುದನ್ನು ಬಿಟ್ಟಿದ್ದಳು, ಯಾಕೆಂದರೆ ಅವಳಿಗೇ ನಗು ಬರುತ್ತಿರಲಿಲ್ಲ.

ಕೆಳಗಿನದು ಬೀದಿಗೆ ಬಾಗಿಲಿದ್ದ ದೊಡ್ಡ ಕೋಣೆ. ಎರಡು ಕಿಟಕಿ, ಬೆಳಗಿನ ಬಿಸಿಲು, ಪಕ್ಕದಲ್ಲೇ ಬಚ್ಚಲು. ಮನುಷ್ಯರು ವಾಸ ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಆ ಮನೆಯಲ್ಲಿರಲಿಲ್ಲ. ಆದರೆ ಅಲ್ಲಿ ಗಾಜಿನ ಬೀರುಗಳೊಳಗೆ ಹಳೆಯ ಕೋಟುಗಳು, ತೂತುಬಿದ್ದ ನೀರಿನ ಡಬ್ಬಿ, ಪದಕಗಳು, ಹಿತ್ತಾಳೆ ಗುಂಡಿಗಳು, ಜೊತೆ ಕಳಕೊಂಡ ಒಂದು ಬೂಟು ಸುಖವಾಗಿ ಸಂಸಾರ ಮಾಡಿಕೊಂಡಿದ್ದವು. ಬಾಗಿಲ ಮೇಲೆ 'ಯೋಧರ ವಂಶಸ್ಥರ ಸಂಘ' ಎಂಬ ಹಲಗೆ. ಅಂಚೆ ಕಚೇರಿಯಿಂದ ನಿವೃತ್ತರಾದ ಮಾವ ಅದರ ಕಾರ್ಯದರ್ಶಿ, ಕಸ ಗುಡಿಸುವವರು, ಕಾವಲುಗಾರ, ಎಲ್ಲವೂ. ಅಡುಗೆಮನೆಯ ನಲ್ಲಿ ತಿಂಗಳುಗಟ್ಟಲೆ ತೊಟ್ಟಿಕ್ಕಿದರೂ ಅವರ ಕಿವಿಗೆ ಬೀಳುತ್ತಿರಲಿಲ್ಲ. ಆ ಬೂಟಿನ ಮೇಲೆ ಒಂದು ಚೂರು ಧೂಳು ಕೂತರೆ ಮಾತ್ರ ನಿದ್ದೆ ಹತ್ತುತ್ತಿರಲಿಲ್ಲ. 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂದು ಅತ್ತೆ ಹೇಳುವುದಿತ್ತು. ಮದುವೆಯಾದ ಹೊಸತರಲ್ಲಿ ಪ್ರೀತಿಯಿಂದ ಹೇಳುತ್ತಿದ್ದರಂತೆ.

ಅತ್ತೆಯ ಎರಡೂ ಮೊಣಕಾಲು ಹೋದ ಚಳಿಗಾಲದಲ್ಲಿ ಕೈಕೊಟ್ಟವು. ಮೆಟ್ಟಿಲೋ ಬಲು ಕಡಿದು, ಸಾಲದ್ದಕ್ಕೆ ನಡುವೆ ಒಂದು ತಿರುವು. "ಇನ್ನು ಮೆಟ್ಟಿಲನ್ನ ಮರೆತುಬಿಡಿ" ಎಂದು ವೈದ್ಯರು ಹೇಳಿ ಹೋದರು. ಮೆಟ್ಟಿಲು ಮರೆತರೆ ಬೀದಿಯನ್ನೂ ಮರೆಯಬೇಕು ಎಂಬುದನ್ನು ಅವರು ಹೇಳಬೇಕಾಗಿರಲಿಲ್ಲ. ವಾರಕ್ಕೊಮ್ಮೆ ಅತ್ತೆಯ ಅಣ್ಣ ಬಂದು ಬೀದಿಯಲ್ಲಿ ನಿಂತು ಕತ್ತೆತ್ತುತ್ತಿದ್ದ, ಅತ್ತೆ ಮೇಲಿನ ಕಿಟಕಿಯಿಂದ ಬಗ್ಗುತ್ತಿದ್ದರು. ಅವನಿಗೂ ಮೆಟ್ಟಿಲು ಹತ್ತುವ ತ್ರಾಣವಿಲ್ಲ, ಜೊತೆಗೆ ಕಿವಿ ಮಂದ. ಹಾಗಾಗಿ ಅಣ್ಣತಂಗಿಯರ ಮನೆವಾರ್ತೆಯೆಲ್ಲ ಬೀದಿಯವರಿಗೆ ಬಾಯಿಪಾಠವಾಗಿತ್ತು.

ಒಂದು ದಿನ ಊಟಕ್ಕೆ ಕೂತಾಗ ಸೊಸೆ ಕೇಳಿಯೇಬಿಟ್ಟಳು. "ಮಾವ, ಕೆಳಗಿನ ಕೋಣೆ ಅತ್ತೆಗೆ ಬಿಟ್ಟುಕೊಡೋಕೆ ಆಗಲ್ವಾ?"

"ಸಂಘದ ಸಾಮಾನು ಬೀದೀಲಿಡ್ಲಾ?" ಎಂದರು ಮಾವ, ಅನ್ನಕ್ಕೆ ಬೇಳೆ ಕಲಸುತ್ತಾ.

"ಮೇಲೆ ತಂದಿಡಿ."

"ಸದಸ್ಯರೆಲ್ಲ ನನಗಿಂತ ಮುದುಕರು. ಅವರು ಮೆಟ್ಟಿಲು ಹತ್ತೋದು ಹೇಗಮ್ಮ?"

"ಅಮ್ಮ ಇಳಿಯೋದು ಹೇಗಪ್ಪ?" ಎಂದ ಮಗ. ಅವನು ಬಸ್ ಚಾಲಕ. ಬೆಳಗಿನ ಪಾಳಿಯಿದ್ದರೆ ಮನೆಯಲ್ಲಿ ಮಾತಾಡುವುದೇ ಅಪರೂಪ.

"ಇಳಿದು ಅವಳಿಗೆ ಆಗಬೇಕಾದ್ದೇನಿದೆ? ಎಲ್ಲಾ ಮೇಲಕ್ಕೇ ತಂದುಕೊಡ್ತೀವಲ್ಲ."

ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೌದು ಬಿಡಪ್ಪ. ಕೋಟುಗಳಿಗೆ ಬಿಸಿಲು ಬೇಕು. ನನಗ್ಯಾಕೆ?"

ಮೊಮ್ಮಗಳು ಕಿಸಕ್ಕನೆ ನಕ್ಕಳು. ಮಾವ ನೀರು ಕುಡಿದು ಎದ್ದುಹೋದರು.

ಸಂಘದ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಆ ಊರಿನಿಂದ ಒಂದು ದಳಕ್ಕೆ ದಳವೇ ಯುದ್ಧಕ್ಕೆ ಹೋಗಿತ್ತು. ಊರಲ್ಲಿ ಅರ್ಧ ಜನಕ್ಕೆ ಒಂದೇ ಹೆಸರು. ಒಬ್ಬನನ್ನು ಕೂಗಿದರೆ ಆರು ಜನ ಓಗೊಡುತ್ತಿದ್ದರು. ಅದಕ್ಕೆ ದಳದ ನಾಯಕರು ಹೆಸರು ಬಿಟ್ಟು ಕಸುಬು ಹಿಡಿದು ಹಾಜರಿ ಕೂಗುತ್ತಿದ್ದರಂತೆ. ಸಂಘ ಅದನ್ನೇ ಉಳಿಸಿಕೊಂಡಿತ್ತು. ತಿಂಗಳ ಮೊದಲ ಭಾನುವಾರ ಮಾವ ಇಸ್ತ್ರಿಯ ಕೋಟು ತೊಟ್ಟು ನಿಂತು, "ಕಮ್ಮಾರರು, ಮಡಿದವರು" ಎಂದರೆ ಕಮ್ಮಾರನ ಮೊಮ್ಮಗ ಎದ್ದು "ಹಾಜರ್" ಎನ್ನಬೇಕು. "ಗಡಿಯಾರದವರು, ಗಾಯಗೊಂಡವರು." "ಹಾಜರ್." "ಮಾಲಿ, ಮರಳಿದವರು." "ಹಾಜರ್." "ದರ್ಜಿ, ಮಡಿದವರು" ಎಂದಾಗ ಮಾವ ಕಾಗದ ಕೆಳಗಿಟ್ಟು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ತಾವೇ "ಹಾಜರ್" ಎನ್ನುತ್ತಿದ್ದರು. ದರ್ಜಿ ಅವರ ಅಪ್ಪ. ಮಗ ಹುಟ್ಟುವ ಮೊದಲೇ ಗುಡ್ಡದ ಮೇಲೊಂದು ಠಾಣೆಯಲ್ಲಿ ತೀರಿಹೋದವರು.

ಒಂದು ಕೂಗೂ ಉತ್ತರವಿಲ್ಲದೆ ಬೀಳಬಾರದು ಎನ್ನುವುದು ಮಾವನ ಹಠ. ಆದರೆ ವಂಶಸ್ಥರೂ ಮನುಷ್ಯರೇ. ಸಾಯುತ್ತಾರೆ, ಊರು ಬಿಡುತ್ತಾರೆ, ಭಾನುವಾರ ಮುಸುಕೆಳೆದು ಮಲಗುತ್ತಾರೆ. ಹೀಗೆ ಅನಾಥರಾದ ಯೋಧರನ್ನೆಲ್ಲ ಮಾವ ಮನೆಯವರಿಗೇ ಹಂಚಿಬಿಟ್ಟಿದ್ದರು. ಮಗ ಮೀನಿನವನಿಗೆ ದಪ್ಪ ದನಿಯಲ್ಲೂ ಮಾಲಿಗೆ ಸಣ್ಣ ದನಿಯಲ್ಲೂ ಓಗೊಡುತ್ತಿದ್ದ. ಮೊಮ್ಮಗಳು ಫೋನಿನಿಂದ ಕಣ್ಣೆತ್ತದೆಯೇ ಬ್ಯಾಂಡಿನವನಾಗುತ್ತಿದ್ದಳು. ಸೊಸೆಯ ಪಾಲಿಗೆ ಬಡಗಿ, ಕುಂಬಾರ ಮತ್ತು ಇನ್ನೂ ಯಾರೋ ಮೂವರು ಬಂದಿದ್ದರು. ಒಮ್ಮೆ ಒಲೆಯ ಮೇಲೆ ಹಾಲಿಟ್ಟು ಬಂದವಳು ಗಡಿಬಿಡಿಯಲ್ಲಿ, ಮಡಿದ ಕುಂಬಾರನ ಪರವಾಗಿ "ಬಂದೆ, ಬಂದೆ!" ಎಂದುಬಿಟ್ಟಿದ್ದಳು. ಅತ್ತೆಗೆ ಮಾತ್ರ ಒಬ್ಬ ಯೋಧನನ್ನೂ ಕೊಟ್ಟಿರಲಿಲ್ಲ. ಕಾಲು ಗಟ್ಟಿಯಿದ್ದಷ್ಟು ದಿನ ಅವರಿಗೆ ಬಂದಿದ್ದು ಚಹಾ, ಬಿಸ್ಕತ್ತು ಮತ್ತು ಎಂಜಲು ಲೋಟ.

ಇಂಥದೊಂದು ಭಾನುವಾರ ನಗರಸಭೆಯ ಅಧಿಕಾರಿಯೊಬ್ಬಳು ಬಂದು ಹಿಂದಿನ ಕುರ್ಚಿಯಲ್ಲಿ ಕೂತಳು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಒಳ್ಳೆಯ ಮಾತಿನವಳು. ಹಾಜರಿ ಮುಗಿದ ಮೇಲೆ ಬಸ್ ಚಾಲಕನ ಹತ್ತಿರ ಹೋಗಿ, "ಅಣ್ಣ, ನೀವು ಒಟ್ಟು ಎಷ್ಟು ಜನ?" ಎಂದು ಕೇಳಿದಳು. ಅವನು ಕಿವಿಯವರೆಗೂ ಕೆಂಪಾದ.

ಆಮೇಲೆ ಮಾವನಿಗೆ ಅವಳು ಬಂದ ವಿಷಯ ಹೇಳಿದಳು. "ಹಳೆ ಗ್ರಂಥಾಲಯದ ಕೆಳಗಿನ ಹಜಾರ ಖಾಲಿ ಇದೆ ಸಾರ್. ಜೀವ ಇರೋ ಸಂಘಕ್ಕೆ ಕೊಡಬೇಕು ಅಂತಿದ್ದೀವಿ."

"ನಮ್ಮದಕ್ಕೆ ಜೀವ ಇಲ್ವಾ?"

"ಇದೆ ಸಾರ್. ಆದ್ರೆ ಒಬ್ಬರಲ್ಲೇ ನಾಲ್ಕು ನಾಲ್ಕು ಜೀವ ಇದೆ. ವಾರ್ಷಿಕ ಸಭೆ ದಿನ ಮೂವತ್ತು ಜನ ನಿಜವಾದ ವಂಶಸ್ಥರು ಬಂದು ಕೂತರೆ ಸಾಕು, ಬೀಗದಕೈ ನಿಮ್ಮ ಕೈಗೆ."

ಸೊಸೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮೇಲೆ ಓಡಿದಳು. ಸುದ್ದಿ ಕೇಳಿದ ಅತ್ತೆ, "ಹಾಗಾದ್ರೆ ಕೆಳಗೆ ಕಿಟಕಿ ಪಕ್ಕ ಮಂಚ ಹಾಕಬಹುದಾ?" ಎಂದರು. ಆ ಮುಖ ನೋಡಿ ಸೊಸೆ ಅಲ್ಲೇ ಮಂಚವನ್ನು ಗೇಣಿನಲ್ಲಿ ಅಳೆದಳು.

ಅಲ್ಲಿಂದ ಮನೆಮಂದಿಗೆಲ್ಲ ಅದೇ ಕೆಲಸ. ಮಗ ಬಸ್ ನಿಲ್ಲಿಸಿದಲ್ಲೆಲ್ಲ ವಿಚಾರಿಸಿದ. ಸೊಸೆ ಕೆಮ್ಮಿನ ಔಷಧಿ ಕೇಳಿ ಬಂದವರಿಗೂ, "ನಿಮ್ಮ ಮುತ್ತಾತ ಯುದ್ಧಕ್ಕೇನಾದ್ರೂ ಹೋಗಿದ್ರಾ?" ಎಂದು ಕೇಳಿ ಅಂಗಡಿ ಮಾಲೀಕನಿಂದ ಬೈಸಿಕೊಂಡಳು. ಮೊಮ್ಮಗಳು ಕಾಲೇಜಿನಿಂದ ಗಡಿಯಾರದವನ ಮರಿಮಗನನ್ನು ಹಿಡಿದು ತಂದಳು. ಅವನಿಗೆ ಮುತ್ತಾತ ಇದ್ದದ್ದೇ ಗೊತ್ತಿರಲಿಲ್ಲ. ಇಷ್ಟೆಲ್ಲ ಮಾಡಿದರೂ ಇಪ್ಪತ್ತೊಂದು ತಲೆ ದಾಟಲಿಲ್ಲ. ಅದರಲ್ಲೂ ಹನ್ನೊಂದು ಜನ ಸಂಘದ ಅಧ್ಯಕ್ಷರ ಮನೆಯವರೇ. ಅಧ್ಯಕ್ಷರು ದಳದ ನಾಯಕರ ಮೊಮ್ಮಗ. ಮಾಡುತ್ತಿದ್ದದ್ದು ಮೇಜು ಕುರ್ಚಿಯ ವ್ಯಾಪಾರ, ಬಂದೂಕು ಮುಟ್ಟಿದವರಲ್ಲ, ಆದರೂ ಬೀದಿಯವರ ಬಾಯಲ್ಲಿ ಅವರು 'ಜನರಲ್'.

"ಅಜ್ಜಿಯ ಅಪ್ಪನೂ ಯುದ್ಧಕ್ಕೆ ಹೋಗಿದ್ರಲ್ಲ?" ಎಂದಳು ಮೊಮ್ಮಗಳು ಒಂದು ಸಂಜೆ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ. "ಬೇಕರಿ ಮನೇಲಿ ಮಕ್ಕಳು ಮೊಮ್ಮಕ್ಕಳು ಸೇರಿ ಹದಿನಾಲ್ಕು ಜನ ಇದ್ದಾರೆ. ಅವರನ್ನ ಕರೀಬಾರದಾ?"

ಎಲ್ಲರ ಕೈ ತಟ್ಟೆಯಲ್ಲೇ ನಿಂತಿತು. ಆ ಮನೆಯಲ್ಲಿ ಯಾರೂ ಎತ್ತದ ಮಾತು ಅದು. ಅತ್ತೆಯ ಅಪ್ಪ ಬೇಕರಿಯವರು. ಅದೇ ದಳದಲ್ಲಿದ್ದರು, ಅದೇ ಗುಡ್ಡದ ಠಾಣೆಯಲ್ಲಿ, ದರ್ಜಿಯ ಜೊತೆಗೇ. ಒಂದು ಬೆಳಗಿನ ಜಾವ ಬಂದೂಕು ಇಟ್ಟು ಗುಡ್ಡ ಇಳಿದು ಮನೆಗೆ ನಡೆದುಬಂದರು. ಆಮೇಲೆ ಜೈಲು ಕಂಡರು, ಬಿಡುಗಡೆಯಾಗಿ ಬಂದು ಊರಿಗೆಲ್ಲ ಬ್ರೆಡ್ಡು ಸುಟ್ಟುಕೊಟ್ಟು ಮುದುಕರಾಗಿ ಸತ್ತರು. ದರ್ಜಿಯ ಮಗ ಅವರ ಮಗಳನ್ನೇ ಮೆಚ್ಚಿ ಮದುವೆಯಾದಾಗ ದರ್ಜಿಯ ಹೆಂಡತಿ ಮದುವೆಗೂ ಬರಲಿಲ್ಲ. ಮಾವ ಹೆಂಡತಿಯನ್ನು ತಂದುಕೊಂಡರೇ ಹೊರತು ಅವಳ ತವರಿನ ಹೊಸ್ತಿಲು ತುಳಿಯಲಿಲ್ಲ. ಸಂಘ ಕಟ್ಟಿದಾಗ ಬೇಕರಿಯವರನ್ನು ಹಾಜರಿಯಿಂದ ಬಿಟ್ಟವರೂ ಅವರೇ.

"ಅದೆಲ್ಲ ನಿನಗೆ ಬೇಡ, ತಿನ್ನು" ಎಂದ ಮಗ.

ಬೇಡವೆಂದ ಮಾತೇ ಬೇಗ ಕಾಲು ಬೆಳೆಸಿಕೊಳ್ಳುತ್ತದೆ. ಎರಡೇ ದಿನದಲ್ಲಿ ಜನರಲ್ ಬಂದು ಕೆಳಗಿನ ಕೋಣೆಯಲ್ಲಿ ಕೂತರು. ಸೊಸೆ ಚಹಾ ಕೊಡಲು ಹೋದಾಗ ಅವರು ಹೇಳುತ್ತಿದ್ದರು: "ಸೇರಿಸಿಬಿಡ್ರೀ. 'ಮರಳಿದವರು' ಅಂತ ಓದಿ. ಮರಳಿ ಬಂದದ್ದಂತೂ ನಿಜ ತಾನೆ? ಹಾವೂ ಸಾಯಬಾರದು, ಕೋಲೂ ಮುರೀಬಾರದು. ಆದ್ರೆ ಆ ಇನ್ನೊಂದು ಮಾತು ಸಭೇಲಿ ಬಂತೋ, ನಮ್ಮ ತಾತನ ದಳದ ಮಾನ ಹೋದಂಗೆ. ನಾವು ಒಂದು ಕ್ಷಣ ಕೂರಲ್ಲ."

ಮಾವ ಮೇಲೆ ಬಂದಾಗ ಅತ್ತೆ ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದರು. ಸೊಸೆ ಅಲ್ಲೇ ಇಸ್ತ್ರಿ ಮಾಡುತ್ತಿದ್ದಳು. ಹೊರಗೆ ಹೋಗಲು ನೋಡಿದವಳನ್ನು ಅತ್ತೆ ಕಣ್ಣಲ್ಲೇ ತಡೆದರು.

"ನಿಮ್ಮಪ್ಪನ್ನ ಸಂಘಕ್ಕೆ ಸೇರಿಸ್ಕೋಬೇಕು ಅಂತ ತೀರ್ಮಾನ ಆಗಿದೆ" ಎಂದರು ಮಾವ.

"ಯಾಕೆ, ಸತ್ತ ಮೇಲೆ ಅವರಿಗೆ ಧೈರ್ಯ ಬಂತಾ?"

"ಕೊಂಕು ಮಾತು ಬೇಡ. 'ಮರಳಿದವರು' ಅಂತ ಮರ್ಯಾದೆಯಾಗಿ ಓದ್ತೀನಿ."

"ಮರಳಿದವರಲ್ಲ ಅವರು. ನಾನೇ ಒಂದ್ಸಲ ಕೇಳಿದ್ದೆ, ಯಾಕಪ್ಪ ಓಡಿ ಬಂದೆ ಅಂತ. 'ಹೆದರಿದೆ ಮಗಾ' ಅಂದ್ರು. ಅಷ್ಟೇ. ಅದಕ್ಕೊಂದು ಕಥೆ ಕಟ್ಟಲಿಲ್ಲ. ಅವರೇ ಮುಚ್ಚಿಡದೇ ಇದ್ದದ್ದನ್ನ ನೀವ್ಯಾಕೆ ಮುಚ್ತೀರಿ? ಓದೋದಾದ್ರೆ 'ಹೆದರಿ ಓಡಿ ಬಂದವರು' ಅಂತ ಓದಿ. ಇಲ್ಲಾಂದ್ರೆ ಬಿಡಿ. ಇಷ್ಟು ವರ್ಷ ತಲೆ ಎಣಿಸೋಕೆ ಬೇಡವಾದವರು ಈಗ್ಯಾಕೆ?"

"ಹಾಗೆ ಓದಿದ್ರೆ ಜನರಲ್ ಮನೆಯವರೆಲ್ಲ ಎದ್ದು ಹೋಗ್ತಾರೆ. ಹಜಾರ ಕೈತಪ್ಪುತ್ತೆ. ನಿನಗೋಸ್ಕರ ಕಣೇ ಇದೆಲ್ಲ!"

"ನನಗೋಸ್ಕರ ಆಗಿದ್ರೆ ಕೆಳಗೊಂದು ಮಂಚ ಹಾಕೋಕೆ ನಗರಸಭೆ ಬರಬೇಕಿತ್ತಾ?"

ಮಾವನಿಗೆ ಸಿಟ್ಟು ಬಂತು. ಅವರ ಸಿಟ್ಟು ದನಿ ಏರಿಸುವ ಸಿಟ್ಟಲ್ಲ, ದನಿ ಇಳಿಸುವ ಸಿಟ್ಟು. "ನಿಮ್ಮಪ್ಪ ಓಡಿ ಬಂದು ನಿನ್ನ ಎತ್ತಿ ಆಡಿಸಿದ್ರು. ನಮ್ಮಪ್ಪ ಅಲ್ಲೇ ನಿಂತ್ರು. ನಾನು ಅವರ ಮುಖಾನೂ ನೋಡಲಿಲ್ಲ. ಅದು ನೆನಪಿರಲಿ."

ಅತ್ತೆ ಮಡಚುತ್ತಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟರು. "ಅಯ್ಯೋ, ನಿಮ್ಮಪ್ಪನೂ ಓಡಿ ಬಂದುಬಿಡಬೇಕಿತ್ತು ಕಣ್ರೀ" ಎಂದರು.

ಚುಚ್ಚಲು ಹೇಳಿದ ಮಾತಾಗಿದ್ದರೆ ಮಾವ ತಿರುಗಿ ಏನಾದರೂ ಅನ್ನುತ್ತಿದ್ದರು. ಅದು ಹಾಗಿರಲಿಲ್ಲ. ಅವರು ಬಾಗಿಲ ಚೌಕಟ್ಟು ಹಿಡಿದು ಹೊರಳಿ ಕೆಳಗಿಳಿದು ಹೋದರು. ಸೊಸೆ ಇಸ್ತ್ರಿಪೆಟ್ಟಿಗೆಯನ್ನು ಮರೆತು ಗಂಡನ ಅಂಗಿಯ ಮೇಲೊಂದು ಕಂದು ಗುರುತು ಮಾಡಿದಳು.

ಅಲ್ಲಿಂದ ಗಂಡಹೆಂಡಿರ ನಡುವೆ ಮಾತಿಲ್ಲ. ಊಟ ಮಾತ್ರ ಒಂದೇ ಮೇಜಿನಲ್ಲಿ. "ನಿಮ್ಮ ಮಾವನಿಗೆ ಹೇಳು, ಉಪ್ಪು ಕಮ್ಮಿ ಇದ್ರೆ ಹಾಕ್ಕೊಳ್ಳಲಿ." "ನಿಮ್ಮ ಅತ್ತೆಗೆ ಹೇಳಮ್ಮ, ಸರಿಯಾಗಿದೆ ಅಂತ." ನಡುವೆ ಕೂತ ಸೊಸೆ ಒಂದು ದಿನ ರೇಗಿ, "ನಾನೇನು ಅಂಚೆಯವಳಾ? ಅಂಚೆಯಲ್ಲಿದ್ದವರು ನೀವು ಮಾವ, ನೀವೇ ಮುಟ್ಟಿಸಿ" ಎಂದಳು. ಮಗ ನಕ್ಕ. ಮುದುಕರಿಬ್ಬರೂ ನಗಲಿಲ್ಲ.

ಸೊಸೆಗೆ ಒಳಗೊಳಗೇ ಅತ್ತೆಯ ಮೇಲೂ ಸಿಟ್ಟಿತ್ತು. ಒಂದು ಪದ. ಯಾವ ಕಾಲಕ್ಕೋ ಸತ್ತವರ ಬಗ್ಗೆ ಒಂದು ಪದ ಬಿಟ್ಟುಕೊಟ್ಟರೆ ಬದುಕಿರುವ ಹೆಂಗಸಿಗೆ ಬಿಸಿಲು, ಬೀದಿ, ಬಚ್ಚಲು ಎಲ್ಲ ಸಿಗುತ್ತದೆ. ಇದೆಂಥ ಪಟ್ಟು? ಬಿಸಿನೀರಿನ ಬಕೆಟ್ಟು ಮೇಲಕ್ಕೆ ಹೊರುವವಳು ತಾನು. ಆದರೆ ಅತ್ತೆಯ ಮುಖ ಕಂಡರೆ ಆ ಸಿಟ್ಟು ಬಾಯಿಗೆ ಬರುತ್ತಿರಲಿಲ್ಲ.

ಮರುವಾರ ಅತ್ತೆಯ ಅಣ್ಣ ಬರಲಿಲ್ಲ. ಅವನಿಗೆ ಜ್ವರ ಎಂದು ಹಾಲು ಕೊಡುವವಳು ಬೀದಿಯಿಂದಲೇ ಕೂಗಿ ಹೇಳಿದಳಂತೆ. ಮಗ ಬಸ್ಸಿನಲ್ಲಿದ್ದ, ಸೊಸೆ ಅಂಗಡಿಯಲ್ಲಿ. ಅಣ್ಣನನ್ನು ನೋಡಿ ಬರಬೇಕೆಂದು ಅತ್ತೆ ಯಾರನ್ನೂ ಕಾಯದೆ, ಕೂತು ಕೂತು ಒಂದೊಂದೇ ಮೆಟ್ಟಿಲು ಜಾರಿಕೊಂಡು ಇಳಿಯತೊಡಗಿದರು. ತಿರುವಿನಲ್ಲಿ ಕಾಲು ಸಿಕ್ಕಿಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕಾಲೇಜಿನಿಂದ ಬಂದ ಮೊಮ್ಮಗಳು ಕಂಡಾಗ ಅವರು ಗೋಡೆಗೆ ಕೆನ್ನೆ ಇಟ್ಟು ಕೂತಿದ್ದರು. ಸೀರೆ ಒದ್ದೆಯಾಗಿತ್ತು.

ಮೊಮ್ಮಗಳು ಅರಚಿದ್ದಕ್ಕೆ ಕೆಳಗಿನ ಕೋಣೆಯ ಬಾಗಿಲು ತೆರೆಯಿತು. ಮಾವ ಸುತ್ತಿಗೆ ಹಿಡಿದು ನಿಂತಿದ್ದರು. ವಾರ್ಷಿಕ ಸಭೆಗೆಂದು ಮಧ್ಯಾಹ್ನವೆಲ್ಲ ಮುರುಕು ಕುರ್ಚಿಗಳಿಗೆ ಮೊಳೆ ಹೊಡೆಯುತ್ತಿದ್ದರು.

"ಕರೀಬಾರದಿತ್ತಾ?" ಎಂದರು ಮಾವ. ಜಗಳವಾದ ಮೇಲೆ ಹೆಂಡತಿಗೆ ನೇರವಾಗಿ ಆಡಿದ ಮೊದಲ ಮಾತು.

"ಕರೆದೆ" ಎಂದರು ಅತ್ತೆ.

ಆ ಸಂಜೆ ಸೊಸೆ ಮೊಣಕಾಲಿಗೆ ಮುಲಾಮು ಹಚ್ಚುವಾಗ ಅತ್ತೆ ಗೋಡೆ ನೋಡುತ್ತಾ ಹೇಳಿದರು. "ನಿಮ್ಮ ಮಾವನಿಗೆ ಹೇಳು, ಏನು ಬೇಕಾದ್ರೂ ಓದ್ಕೊಳ್ಲಿ. ನನಗೆ ಕೆಳಗೆ ಹೋದ್ರೆ ಸಾಕು." ಸೊಸೆ ಒಳಗೊಳಗೇ ಬಯಸಿದ್ದು ಇದನ್ನೇ. ಆದರೂ ಕೆಳಗೆ ಹೋಗಿ ಆ ಮಾತನ್ನು ಮುಟ್ಟಿಸುವಾಗ ಅವಳಿಗೆ ಏನೋ ಕದ್ದು ತಂದಂತೆ ನಾಚಿಕೆಯಾಯಿತು. ಮಾವ ಕೇಳಿಸಿಕೊಂಡು ಮೊಳೆಗಳನ್ನು ಡಬ್ಬಿಗೆ ತುಂಬುತ್ತಿದ್ದರು.

ಸಭೆಯ ದಿನ ಬೇಕರಿ ಮನೆಯವರು ಹಿಂಡಾಗಿ ಬಂದರು. ಹಿಟ್ಟು ನಾದಿ ನಾದಿ ತೋಳು ಬೆಳೆಸಿದ ಹುಡುಗರು, ಅವರ ಹೆಂಡಿರು, ಮಕ್ಕಳು, ಜ್ವರ ಬಿಟ್ಟು ಸೊರಗಿದ ದೊಡ್ಡಣ್ಣ. ಇಬ್ಬರು ಸೋದರಳಿಯಂದಿರು ಅತ್ತೆಯನ್ನು ಕುರ್ಚಿ ಸಮೇತ ಎತ್ತಿ ತಿರುವು ದಾಟಿಸಿ ಕೆಳಗೆ ತಂದು ಕೂರಿಸಿದರು. "ಅತ್ತೆ, ನಮ್ಮ ಹಿಟ್ಟಿನ ಮೂಟೆಗಿಂತ ಹಗುರ ಆಗಿದ್ದೀರ" ಎಂದ ಒಬ್ಬ. ಕೋಣೆ ತುಂಬಿ ಬೀದಿಯವರೆಗೂ ಕುರ್ಚಿ ಹೋಯಿತು. ಅಧಿಕಾರಿ ಬೆರಳಲ್ಲಿ ಎಣಿಸಿ ನೋಡಿ ಸೊಸೆಯ ಕಡೆ ನಕ್ಕಳು. ಮೂವತ್ತೈದು. ಸೊಸೆ ಮನಸ್ಸಿನಲ್ಲೇ ಕಿಟಕಿಗೆ ಪರದೆ ಹೊಲಿಯತೊಡಗಿದಳು.

ಮಾವ ಓದತೊಡಗಿದರು. ಕಮ್ಮಾರರು, ಹಾಜರ್. ಗಡಿಯಾರದವರು, ಹಾಜರ್. ದಳದ ನಾಯಕರು ಎಂದಾಗ ಜನರಲ್ ಮನೆಯ ಹನ್ನೊಂದು ಜನ ಒಟ್ಟಿಗೆ ಎದ್ದು ಗಾಜು ಅದುರುವಂತೆ ಕೂಗಿದರು. ದರ್ಜಿ, ಮಡಿದವರು. ಮಾವ ಪಕ್ಕಕ್ಕೆ ಸರಿದು ಹಾಜರ್ ಎಂದು ಮತ್ತೆ ತಮ್ಮ ಜಾಗಕ್ಕೆ ಬಂದರು.

"ಬೇಕರಿಯವರು" ಎಂದು ನಿಲ್ಲಿಸಿದರು. ಕಾಗದದಲ್ಲಿ 'ಮರಳಿದವರು' ಎಂದೇ ಇತ್ತು. ಅಚ್ಚುಕಟ್ಟಾಗಿ ಬರೆದದ್ದನ್ನು ಸೊಸೆ ಬೆಳಗ್ಗೆ ಕಣ್ಣಾರೆ ನೋಡಿದ್ದಳು. ಮಾವ ಕನ್ನಡಕ ತೆಗೆದರು. ಕನ್ನಡಕವಿಲ್ಲದೆ ಅವರಿಗೆ ಒಂದಕ್ಷರವೂ ಕಾಣುವುದಿಲ್ಲ. ಮೊದಲ ಸಾಲಿನಲ್ಲಿ ಕೂತ ಹೆಂಡತಿಯ ಕಡೆ ತಿರುಗಿ ಹೇಳಿದರು: "ಹೆದರಿ ಓಡಿ ಬಂದವರು."

ಒಟ್ಟಾಗಿ ಕೂಗಬೇಕೆಂದು ಹೇಳಿಸಿಕೊಂಡು ಬಂದಿದ್ದ ಬೇಕರಿ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿವಿ ಕೇಳದ ದೊಡ್ಡಣ್ಣ "ಏನಂದ್ರು? ಏನಂದ್ರು?" ಎಂದು ಕೇಳುತ್ತಿದ್ದ. ಆಗ ಅತ್ತೆ, ಆಸರೆಯಿಲ್ಲದೆ ಎದ್ದು ನಿಲ್ಲಲಾಗದೆ ಕೂತಲ್ಲಿಂದಲೇ, "ಹಾಜರ್" ಎಂದರು. ದೊಡ್ಡ ದನಿಯೇನಲ್ಲ. ಆದರೂ ಬೀದಿಯಲ್ಲಿ ಕೂತವರಿಗೂ ಕೇಳಿಸಿತು.

ಜನರಲ್ ಎದ್ದರು. ಅವರ ಮನೆಯವರೆಲ್ಲ ಎದ್ದರು. "ಇದು ಯೋಧರ ಸಂಘವೋ, ಹೇಡಿಗಳ ಛತ್ರವೋ?" ಎಂದು ಬಾಗಿಲಲ್ಲಿ ನಿಂತು ಕೇಳಿ ಹೋದರು. ಅಧಿಕಾರಿ ಮತ್ತೆ ಎಣಿಸಿದಳು, ಎಷ್ಟು ಸಲ ಎಣಿಸಿದರೂ ಇಪ್ಪತ್ತನಾಲ್ಕೇ. "ಸಾರ್, ನನ್ನ ಕೈಲಿಲ್ಲ" ಎಂದಳು. ಅವಳ ಕಣ್ಣೂ ತೇವವಾಗಿತ್ತು, ಆದರೆ ಕಣ್ಣೀರನ್ನು ತಲೆಯ ಲೆಕ್ಕಕ್ಕೆ ಸೇರಿಸಲಾಗುವುದಿಲ್ಲವಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೊಸೆ ಲೋಟಗಳನ್ನು ಒಡೆಯುವಂತೆ ತೊಳೆದಳು. ಮಾವ ಅಡುಗೆಮನೆ ಬಾಗಿಲಲ್ಲಿ ಸುಳಿದಾಗ ತಡೆಯಲಾಗದೆ, "ಅತ್ತೆ ಒಪ್ಪಿದ್ರಲ್ಲ ಮಾವ! ಇನ್ನೇನು ಬೇಕಿತ್ತು ನಿಮಗೆ?" ಎಂದಳು. ಅವರು ಅತ್ತೆಯ ಕೋಣೆಗೆ ನಡೆದರು. ಅಲ್ಲಿ ಅತ್ತೆಯದೂ ಅದೇ ರಾಗ. ಮತ್ತೆ ಹೊತ್ತು ತಂದು ಮಂಚದ ಮೇಲೆ ಕೂರಿಸಿದಾಗಿನಿಂದ ಗಂಡನನ್ನು ಬಯ್ಯುತ್ತಿದ್ದರು.

"ನಾನು ಬಿಟ್ಟುಕೊಟ್ಟಿದ್ದೆ. ನಿಮಗೆ ಯಾರು ಹೇಳಿದ್ದು ಆ ಮಾತು ಆಡಿ ಅಂತ?"

"ನೀನೇ ಹೇಳಿದ್ದೆ."

"ಮೊದಲು ಹೇಳಿದ್ದೆ. ಆಮೇಲೆ ಬೇಡ ಅಂದಿದ್ದೆ!"

"ಆಮೇಲಿಂದು ನೀನು ಹೇಳಿದ್ದಲ್ಲ, ನಿನ್ನ ಮೊಣಕಾಲು ಹೇಳಿದ್ದು" ಎಂದರು ಮಾವ. "ನೀನು ಕರೆದದ್ದು ನನಗೆ ಕೇಳಿಸಲಿಲ್ಲವಲ್ಲ, ಅದರ ಮೇಲೆ ಸುಳ್ಳು ಬೇರೆ ಯಾಕೆ ಅನ್ನಿಸ್ತು."

ಅತ್ತೆ ಬಾಯಿ ಮುಚ್ಚಿದರು. ಅವರನ್ನು ಅಷ್ಟು ಬೇಗ ಬಾಯಿ ಮುಚ್ಚಿಸಿದವರನ್ನು ಸೊಸೆ ಕಂಡಿರಲಿಲ್ಲ.

ಎರಡು ದಿನ ಕಳೆದು ಸೊಸೆ ಅಂಗಡಿಯಿಂದ ಬಂದರೆ ಮೆಟ್ಟಿಲ ಮೇಲೆ ಹೆಜ್ಜೆ ಇಡಲು ಜಾಗವಿಲ್ಲ. ತಿರುವಿನಲ್ಲಿ ಗಾಜಿನ ಬೀರೊಂದು ಅಡ್ಡಡ್ಡ ಸಿಕ್ಕಿಕೊಂಡಿತ್ತು. ಮೇಲಿಂದ ಮಗ ಎಳೆಯುತ್ತಿದ್ದ, ಕೆಳಗಿಂದ ಬೇಕರಿ ಹುಡುಗರಿಬ್ಬರು ನೂಕುತ್ತಿದ್ದರು, ನಡುವೆ ಮಾವ "ಹುಷಾರು, ಗುಂಡಿಗಳು! ಗುಂಡಿಗಳು!" ಎಂದು ಕೂಗುತ್ತಿದ್ದರು.

"ಇದೇನು ಮಾವ? ಸದಸ್ಯರು ಮೆಟ್ಟಿಲು ಹತ್ತೋದು ಹೇಗೆ?" ಸೊಸೆ ಬೇಕೆಂದೇ ಕೇಳಿದಳು.

"ಹತ್ತೋ ಮನಸ್ಸಿದ್ದೋರು ಹತ್ತುತ್ತಾರೆ. ಕೋಟುಗಳಿಗೇನು ಮಂಡಿನೋವಾ?" ಎಂದರು ಅವರು, ಬೆವರು ಒರೆಸಿಕೊಳ್ಳುತ್ತಾ. "ನಿಂತು ನೋಡ್ತೀಯಲ್ಲಮ್ಮ, ಆ ಬೂಟಾದ್ರೂ ಹಿಡಿ."

ಕತ್ತಲಾಗುವ ಹೊತ್ತಿಗೆ ಕೆಳಗಿನ ಕೋಣೆ ಖಾಲಿಯಾಗಿ, ಗುಡಿಸಿ, ಒರೆಸಿ, ಕಿಟಕಿ ಪಕ್ಕ ಮಂಚ ಬಿತ್ತು. ಪಕ್ಕದಲ್ಲೇ ಇನ್ನೊಂದು ಮಂಚ. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ತಿಂಗಳು ಬೇಕಾಯಿತಲ್ಲ ಎಂದು ಸೊಸೆಗೆ ಅಳುವೂ ಬಂತು, ನಗುವೂ ಬಂತು. ಅತ್ತೆ ಬೀದಿ ಬಾಗಿಲನ್ನು ತೆರೆಸಿ ಹೊಸ್ತಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಹೋಗಿಬರುವವರೆಲ್ಲ ನಿಂತು ಮಾತಾಡಿಸಿದರು. ಅತ್ತೆ ಎಲ್ಲರಿಗೂ ಒಂದೇ ಮಾತು ಹೇಳಿದರು: "ಇಳಿದು ಬಂದೆ."

ಊಟದ ನಂತರ ಮಾತ್ರೆ, ಬಿಸಿನೀರು ಹಿಡಿದು ಸೊಸೆ ಕೋಣೆಯ ಹತ್ತಿರ ಬಂದಾಗ ಒಳಗೆ ಮಾವನ ದನಿ ಕೇಳಿಸಿತು. ಏನೋ ಅಳುಕಿದ ದನಿ. ಸೊಸೆ ಬಾಗಿಲ ಹೊರಗೇ ನಿಂತಳು.

"ನಿಮ್ಮಪ್ಪ..." ಎಂದು ಮಾವ ನಿಲ್ಲಿಸಿ, ಮತ್ತೆ ಶುರು ಮಾಡಿದರು. "ಅವರು ಅದೇ ಠಾಣೆಯಲ್ಲಿದ್ರಲ್ಲ. ನಮ್ಮಪ್ಪನ ಬಗ್ಗೆ ಯಾವತ್ತಾದ್ರೂ ಏನಾದ್ರೂ ಹೇಳಿದ್ರಾ?"

"ಹೇಳ್ದೆ ಇರ್ತಾರಾ? ಒಂದೇ ಕಂಬಳಿಯಲ್ಲಿ ಮಲಗಿದ್ದೋರು."

"ಇಷ್ಟು ವರ್ಷ ನೀನು ನನಗೆ ಹೇಳಲಿಲ್ಲ."

"ನೀವು ಕೇಳಿದ್ರಾ?"

ಎರಡೇ ಬೀದಿ ಆಚೆ, ಬ್ರೆಡ್ಡು ಸುಡುತ್ತಾ, ಅಪ್ಪನನ್ನು ಕಣ್ಣಾರೆ ಕಂಡ ಒಬ್ಬ ಮನುಷ್ಯ ಅಷ್ಟು ವರ್ಷ ಬದುಕಿದ್ದ. ಊರೂರು ಅಲೆದು ಗುಂಡಿ, ಪದಕ ಕೂಡಿಹಾಕಿದ ಮಾವ ಅಲ್ಲಿಗೊಂದು ಸಲ ಹೋಗಿರಲಿಲ್ಲ. ಬಾಗಿಲ ಹೊರಗೆ ನಿಂತ ಸೊಸೆಗೂ ಅದು ಆಗಲೇ ಹೊಳೆದದ್ದು. ಅವಳಿಗೆ ಮಾವನ ಮೇಲೆ ಮೊದಲ ಸಲ ಬರೀ ಕನಿಕರ ಬಂತು.

"ಏನು ಹೇಳ್ತಿದ್ರು?" ಎಂದರು ಮಾವ, ಕೊನೆಗೆ.

"ನಿಮ್ಮಪ್ಪ ಭಾರಿ ತಮಾಷೆ ಮನುಷ್ಯ ಅಂತೆ. ಎಲ್ಲರ ನಡಿಗೆ, ಎಲ್ಲರ ದನಿ ಅಣಕಿಸಿ ತೋರಿಸೋರಂತೆ. ಅದರಲ್ಲೂ ದಳದ ನಾಯಕರದ್ದು. ಅವರು ಬೆನ್ನು ತಿರುಗಿಸಿದ್ರೆ ಸಾಕು, ಇವರು ಹಿಂದೇನೇ ಹಾಗೇ ನಡೆದು ತೋರಿಸೋರು. ಹೊಟ್ಟೆಗಿಲ್ಲದೆ ಚಳಿಯಲ್ಲಿ ನಡುಗ್ತಾ ಇದ್ದೋರು ಬಿದ್ದು ಬಿದ್ದು ನಗೋರಂತೆ. ನಮ್ಮಪ್ಪ ಅದನ್ನ ಅವರಿಂದ ಕಲಿತುಬಂದು ನಮಗೆ ತೋರಿಸ್ತಿದ್ರು, ಚಿಕ್ಕವರಿದ್ದಾಗ."

"ನಮ್ಮಪ್ಪ? ತಮಾಷೆ?" ಎಂದರು ಮಾವ. "ಹೇಗೆ ನಡೀತಿದ್ರಂತೆ?"

ಮಂಚ ಕಿರುಗುಟ್ಟಿತು. ಸೊಸೆ ತಡೆಯಲಾಗದೆ ಇಣುಕಿದಳು. ಅತ್ತೆ ಒಂದು ಕೈಯಲ್ಲಿ ಮಂಚದ ಸರಳು ಹಿಡಿದು ಎದ್ದು ನಿಂತಿದ್ದರು. ಹೊಟ್ಟೆ ಮುಂದೆ ಮಾಡಿದರು, ಗಲ್ಲ ಮೇಲೆತ್ತಿದರು, ಇನ್ನೊಂದು ಕೈ ಬೆನ್ನಿಗೆ ಕಟ್ಟಿದರು. ಆಮೇಲೆ ಸರಳು ಬಿಟ್ಟು ಖಾಲಿ ಕೋಣೆಯ ನಡುವೆ ಬಾತುಕೋಳಿಯ ಹಾಗೆ ಠೀವಿಯಿಂದ ನಾಲ್ಕು ಹೆಜ್ಜೆ ಹಾಕಿದರು. ನೋವಿಗೆ ಹಲ್ಲು ಕಚ್ಚಿಕೊಂಡಿದ್ದರೂ ಗಲ್ಲ ಇಳಿಸಲಿಲ್ಲ.

ಮಾವ ಬಾಯಿ ತೆರೆದು ನೋಡುತ್ತಿದ್ದರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದುಕೊಂಡ ಸೊಸೆಗೆ ಅವರು ನಗುತ್ತಿದ್ದಾರೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಮನೆಗೆ ಬಂದಾಗಿನಿಂದ ಅವಳು ಆ ನಗು ಕೇಳಿರಲಿಲ್ಲ. ಎರಡೂ ಇತ್ತೋ ಏನೋ, ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು.

"ಕೂತ್ಕೊಳೇ, ಕಾಲು ನೋಯುತ್ತೆ" ಎಂದರು.

ಅತ್ತೆ ಕೂರಲು ಬಗ್ಗಿದರು. ಮಾವ ಕೈ ನೀಡಿ ಅವರ ಮೊಣಕೈ ಹಿಡಿದರು, ಹಿಡಿದವರು ಕೂರಿಸಲಿಲ್ಲ.

"ಇನ್ನೊಂದೇ ಒಂದ್ಸಲ ತೋರ್ಸು" ಎಂದರು.